ಮೇಣದ ಕುರ್ಚಿ

ಕಾಲು ಐವತ್ತು, ಕೈ ಐವತ್ತು,
ಕಣ್ಣಿನ ಜೋಡಿ ನಲವತ್ತು.
ಕೂಸು ಬೇಡಾವ್ರಿಗೆ ಇಡೀ ಕೂಸ ಐತಿ, ಅದಕ್ಕ ನೂರು.
ಮನಿ ಐತಿ, ಹಡಗ ಐತಿ,
ಮಸ್ಕತ್ತಿಗೆ ಹೋಗಾವ್ರಿಗೆ ವಿಮಾನ ಐತಿ.
ಗುಡ್ಡದ ಕಪೇಲದ ಮುಂದ, ಮೂರನೇ ಮೆಟ್ಟಲ ಬಾಜೂಕ
ನಾ ಕೂಡಾಕ ಹತ್ತಿ ಹದಿನೇಳು ವರ್ಷ ಆತು.

ನಮ್ಮೂರು ಇಳಕಲ್ಲ ಕಡೆ. ದೇವ್ರು ದುರಗವ್ವ.
ಆಕಿಗೂ ಬೆಳ್ಳಿ ಕಣ್ಣು ಹರಕಿ ಕೊಡತಾರ,
ಅದಕ್ಕ ಈ ಕಸಬು ನನಗ ಪರಕೀಯ ಅನಿಸಲಿಲ್ಲ.
ಬಾಯ್ನಾದ ಗುಡಸಲ ಕೆಡವಿದ ಮ್ಯಾಲ ಝುವಾರಿನಗರ,
ಅಲ್ಲಿಂದ ಎರಡು ಬಸ್ಸು,
ತೊಡಿ ಮ್ಯಾಲ ಮೇಣದ ಕಾಲಿನ ಗಂಟು.

ಅಪೊಲೋನ ಮಾಯ್ ವರ್ಷಕ್ಕೊಂದು ಮೊಣಕಾಲ ಒಯ್ಯತಾಳ,
ಎಡದ್ದ ಆಗಬೇಕು.
‘ಕಡಿಮಿ ಆತೇನಬೇ?’
‘ಇಲ್ಲ. ಆದ್ರ ಸಾಯ್ಬೀಣಿಗೆ ಮರ್ತು ಹೋಗಬಾರದಲ್ಲ.’

ಈ ಸಲ ಹಬ್ಬದ ಆರನೇ ದಿನ
ಎರ್ಮೆನೆಜಿಲ್ದ್ ಬಾಬ್ ಬಂದ.
ಇಸ್ತ್ರಿ ಅಂಗಿ, ಕೊರಳಾಗಿನ ಕುರೀಸು ಅಂಗಿ ಹೊರಗ.
ಹಿಂದಿನ ಎಲೆಕ್ಷನ್ನಿಗೆ ಅದು ಒಳಗಿತ್ತು, ನಾ ಕಂಡೀನಿ,
ಆಗ ಪಕ್ಷ ಬ್ಯಾರೆ,
ಹಣಿ ಮ್ಯಾಲ ಕುಂಕುಮ, ಕೈಯಾಗ ತೆಂಗಿನಕಾಯಿ.

ಮೆಟ್ಟಲ ಮ್ಯಾಲ ನಿಂತು ಮೈಕ್ ಹಿಡದ:
‘ಈ ನೆಲಾ ಜೆಜುಂದು.
ಜೆಜುನ ನೆಲಾ ಆಳಾಕ ಜೆಜುನ ಮಂದೀನ ಬೇಕು.
ಘಾಂಟಿಗೋಳು ಬಂದು ನಮ್ಮ ಗುಡ್ಡಾ ತಿಂದ್ರು,
ಬಾವಿ ಬತ್ತಿಸಿದ್ರು.
ಬಟನ್ ಒತ್ತೂ ಬೆರಳು ಮೊದಲ ಕುರೀಸು ಮುಟ್ಟಲಿ!’
ಮಂದಿ ಚಪ್ಪಾಳಿ ತಟ್ಟಿದ್ರು. ಕೆಲವರು ತಟ್ಟಲಿಲ್ಲ,
ಮೇಣಬತ್ತಿ ಗಾಳಿಗೆ ಆರತಾವಂತ ಕೈ ಮರಿ ಮಾಡಿದ್ರು.
ನಾ ಕೂಸುಗೋಳನ್ನ ಸಾಲಾಗಿ ಇಡಾಕ ಹತ್ತಿದ್ದೆ.
ಕೊಂಕಣಿ ನನಗ ತಿಳೀತೈತಿ.
ಬೈಗಳ ಮೊದಲ ಕಲತೆ, ಪ್ರಾರ್ಥನಿ ಆಮ್ಯಾಲ.

ವಿಗಾರ ಪಾದ್ರಿ ಹೊರಗ ಬಂದು
ಮೈಕಿನ ವಾಯರ್ ಕಿತ್ತು ಮೊಣಕೈಗೆ ಸುತ್ತಕೊಂಡು ಒಳಗ ಹ್ವಾದ,
ಒಂದ ಮಾತು ಆಡಲಿಲ್ಲ.
ಮರುದಿನ ಪೂಜಿಗೆ ಮೊದಲ ಸಾಲಿನಾಗ
ಬಾಬ್‌ಗೆ ಜಾಗ ಇಡಸಿದಾಂವನೂ ಆತನ.

ಸಂಜಿಕ ಒಬ್ಬ ಹುಡುಗ ಬಂದ:
‘ಬಾಬ್‌ಗೆ ಕುರ್ಚಿ ಬೇಕಂತ.’
ಎದ್ದು ನನ್ನ ಸ್ಟೂಲ್ ಕೊಟ್ಟೆ.
‘ಇದಲ್ಲ. ಮೇಣದ್ದು. ಹರಕಿಗೆ.’

ಕುರ್ಚಿಗೆ ಅಚ್ಚ ಇರಲಿಲ್ಲ ನನ್ನ ಹಂತೇಕ.
ಮೊಮ್ಮಗಳ ಆಟಿಗಿ ಕುರ್ಚಿ ಇಸಗೊಂಡು, ಆಕಿ ಅತ್ಲು,
ಪ್ಲಾಸ್ಟರಿನಾಗ ಒತ್ತಿ ಮೇಣ ಹೊಯ್ದೆ.
ಮೂರು ಸಲ ಕಾಲ ಮುರೀತು.
ನಾಕನೇದು ನಿಂತಿತು, ಚೂರು ವಾಲಿ.
ಇನ್ನೂರು ಹೇಳಿದೆ. ಚೌಕಾಸಿ ಮಾಡಲಿಲ್ಲ.
ಯಾರ ಕೈ ತಟ್ಟಿದ ಮೇಣ ಅಂತನೂ ಕೇಳಲಿಲ್ಲ.

ಎಂಟನೇ ದಿನ ಒಳಗಿಂದ ಅಪೊಲೋನ ಮಾಯ್ ಕೂಗು.
ಹರಕಿ ಬುಟ್ಟಿಯಾಗ ಆಕಿ ಮೊಣಕಾಲ ಕೆಳಗ,
ಅದರ ಮ್ಯಾಲ ಕುರ್ಚಿ.
‘ಮೊದಲ ನೋವು ಐತಿ, ಇಂವ ಮ್ಯಾಲ ಬಂದು ಕುಂತಾನ!’
ಎಳದು ತಗದು, ಸೆರಗಿಲೆ ಒರಸಿ,
ಬುಟ್ಟಿಯ ಆ ಕಡೆ, ಯಾರದೋ ಕಣ್ಣಿನ ಜೋಡಿ ಹಂತೇಕ ಇಟ್ಲು.
ಕುಂಟಕೋಂತ ಇಳದು ಹ್ವಾದ್ಲು.

ಹಬ್ಬ ಮುಗೀತು. ಹಿಂದಿನ ಬಾಗಲಿಗೆ
ಸಾಂಕ್ತಿ ಮಿಂಗೆಲ್ ಚೀಲ ತಂದ, ವರ್ಷದ ಹಂಗ ಅರ್ಧ ರೇಟಿಗೆ.
ತಿಳಿಯದವರು ಇದನ್ನ ಮೋಸ ಅಂತಾರ.
ದೇವ್ರಿಗೆ ಸುದ್ದಿ ಮುಟ್ಟಿದ ಮ್ಯಾಲ
ಉಳದದ್ದು ಬರೇ ಮೇಣ.
ಡಬರಿಯಾಗ ಕೈ, ಕಾಲು, ಹಡಗು, ಗುಂಡಿಗಿ.
ಕುರ್ಚಿ ಮೊದಲ ಕರಗಿತು, ಕಾಲು ಸಣ್ಣವು.
ಮೊಣಕಾಲ ಮಾತ್ರ ಭಾಳ ಹೊತ್ತು
ಮುಣಗದ ತೇಲಿತು.
ಈಗ ಆ ಕುರ್ಚಿ ಯಾವ ಕೂಸಿನ ಹೊಟ್ಟ್ಯಾಗ ಐತೋ
ನನಗೂ ಗೊತ್ತಿಲ್ಲ.

ವೋಟಿನ ದಿನ ಸಾಲಿ ಕೋಲಿಯಾಗ ಪಾಳಿ ಹಚ್ಚಿದೆ.
ಪಟ್ಟಿಯಾಗ ನನ್ನ ಹೆಸರು ಇತ್ತು, ಅಪ್ಪನ ಹೆಸರು ತಪ್ಪು.
ಶಾಯಿ ಹಚ್ಚೂ ಹುಡುಗಿ ನನ್ನ ಬೆರಳ ಹಿಡದು
ಎರಡು ಸಲ ಗೀಚಿದ್ಲು, ಜಾರತಿತ್ತು.
‘ಬೇ, ಏನ ಹಚಗೊಂಡಿ?
ಒರಸ್ಕೋ. ಮೇಣ ಐತಿ, ಶಾಯಿ ಹಿಡೀವಲ್ದು.’