ಅಗುಳಿಯ ಗೂಡು

ನನ್ನ ಅಂಚೆ ದಾರಿ ಮುಗಿಯುವುದು ಬೇಹಕ್ ಮೆಕ್ರೇಯ ಗೇಟಿನಲ್ಲಿ.
ಅದರಾಚೆ, ದಿಬ್ಬದ ಮೇಲಿರುವ ಮನೆಗೆ ವಿಳಾಸವಿಲ್ಲ.
ದುಂಡಗೆ ಕೂತ ಕಲ್ಲು, ಎದೆಮಟ್ಟಕ್ಕೆ ಉಳಿದ ಗೋಡೆ;
ದಪ್ಪ ಎಷ್ಟೆಂದರೆ
ನನ್ನ ಕೆಂಪು ವ್ಯಾನನ್ನು ಅದರೊಳಗೆ ಹೂಳಬಹುದು.
ನಡುವೆ ಜರಿಗಿಡ, ಮೂರು ಕುರಿ, ಒಂದು ರೋವನ್ ಸಸಿ.
ಬೀಜ ತಂದ ಹಕ್ಕಿಯನ್ನು ಯಾರೂ ಬಾಡಿಗೆ ಕೇಳಲಿಲ್ಲ.

ಇನ್ವರ್ನೆಸ್ಸಿನಿಂದ ಒಬ್ಬ ಬಂದಿದ್ದ, ಅಳತೆಯ ಟೇಪು ಹಿಡಿದು.
ಮಳೆಯಲ್ಲಿ ಮೂರು ದಿನ ಮೊಣಕಾಲೂರಿ ಗೀಚಿಕೊಂಡ.
"ಎರಡು ಸಾವಿರ ವರ್ಷ" ಅಂದ, "ಇನ್ನೂರು ಹೆಚ್ಚುಕಮ್ಮಿ."
ಚಹಾ ಬಗ್ಗಿಸುತ್ತಿದ್ದ ಬೇಹಕ್ ಕೈ ನಿಲ್ಲಿಸಿದಳು.
"ನನ್ನ ಮುತ್ತಜ್ಜಿಯ ಅಜ್ಜಿ ಈ ಕಣಿವೆಗೆ ಬಂದದ್ದು,
ಕೆಳಗಿನ ಹದಿನಾಲ್ಕು ಒಲೆ ಒಂದೇ ವಾರದಲ್ಲಿ ಆರಿದ್ದು,
ಹಡಗು ಹತ್ತಿದವರು, ಎರಡು ಯುದ್ಧ, ಅಣೆಕಟ್ಟು, ಕರೆಂಟು,
ನಮ್ಮಮ್ಮ, ನಾನು, ಈ ಕೆಟಲು,
ಎಲ್ಲ ನಿನ್ನ ಹೆಚ್ಚುಕಮ್ಮಿಯಲ್ಲೇ ಹಿಡಿಸಿಬಿಟ್ಟಿತಲ್ಲ ಮಾರಾಯ!"
ಅವನು ನಕ್ಕ.
ಅವಳು ಸಕ್ಕರೆ ಮುಂದಿಟ್ಟಳು.

ನನಗೆ ಕಲ್ಲಿನ ವಿಷಯ ತಿಳಿಯದು. ಬಾಗಿಲು ಸ್ವಲ್ಪ ತಿಳಿಯುತ್ತದೆ,
ಮೂವತ್ತು ವರ್ಷ ತಟ್ಟಿದ್ದೇನೆ.
ಇದರದು ಪೂರ್ವಕ್ಕೆ, ಗಾಳಿಗೆ ಬೆನ್ನು ಮಾಡಿ.
ತಲೆಗಲ್ಲು ಬಿದ್ದು ಯಾವ ಕಾಲವಾಯಿತೋ,
ಆದರೂ ಬೇಹಕ್ ಅಲ್ಲಿ ದಾಟುವಾಗ ತಲೆ ತಗ್ಗಿಸುತ್ತಾಳೆ.
ಯಾಕೆಂದರೆ, ಅಮ್ಮ ತಗ್ಗಿಸುತ್ತಿದ್ದಳು, ಅಷ್ಟೆ.

ಬಾಗಿಲ ಎಡಕ್ಕೆ ಗೋಡೆಯೊಳಗೇ ಉದ್ದನೆಯ ಬಿಲ,
ಅಗುಳಿಯನ್ನು ಹಗಲಿಡೀ ಜಾರಿಸಿಡುವ ಗೂಡು.
"ಕೈ ಹಾಕಿ ನೋಡು." ಹಾಕಿದೆ, ಹೆಗಲವರೆಗೆ.
ಏನೂ ಇರಲಿಲ್ಲ. ತಣ್ಣಗೆ, ನುಣ್ಣಗೆ,
ಮರ ಎಳೆದೆಳೆದು ಸವೆದ ನುಣುಪು.
ಯಾರಿಗೆ ಹೆದರಿದರೋ. ತೋಳಕ್ಕೋ, ನೆರೆಯವನಿಗೋ.

ಆ ಏಪ್ರಿಲ್‌ನಲ್ಲಿ ಹಿಮ ಹಿಂತಿರುಗಿ ಬಂತು.
ದಿನ ತುಂಬಿದ ಕುರಿ ಹುಡುಕಿ ಹೋದವಳು
ರಾತ್ರಿ ದೀಪ ಹಚ್ಚಲಿಲ್ಲ.
ಬೆಳಿಗ್ಗೆ ಚೀಲವನ್ನು ಗೇಟಿಗೆ ನೇತುಹಾಕಿ ನಾನೇ ಹತ್ತಿದೆ.
ಬಾಗಿಲಿಗೆ ಅವಳ ಕುರಿಗೋಲು ಅಡ್ಡ;
ಒಂದು ತುದಿ ಆ ಗೂಡಿನಲ್ಲಿ, ಇನ್ನೊಂದು ಎದುರುಗಲ್ಲಿನ ಕುಳಿಯಲ್ಲಿ.
ಕೋಲಿಗೆ ಅವಳ ಕೋಟು, ತೋಳೆರಡೂ ಹೆಪ್ಪುಗಟ್ಟಿ ಸೆಟೆದು.
ಕೋಟಿನ ಹಿಂದೆ ಉಸಿರಿನ ಹಬೆ.

ತಟ್ಟಲು ಮರವಿರಲಿಲ್ಲ. ಕಲ್ಲಿಗೇ ಬೆರಳ ಗೆಣ್ಣು ತಾಗಿಸಿದೆ.
"ಇಷ್ಟು ಹೊತ್ತು ಬೇಕಾಯ್ತಾ?" ಎಂದು ಒಳಗಿನಿಂದ.
ಕೋಲು ಗೂಡಿನೊಳಕ್ಕೆ ಸರಕ್ಕನೆ ಜಾರಿತು.
ಅವಳು, ನಾಯಿ, ತಾಯಿಕುರಿ,
ಎರಡು ಮರಿ. ಒಂದು ಸತ್ತಿತ್ತು.

ಏನು ಹೇಳಲೂ ತೋಚದೆ ಕಿಸೆಗೆ ಕೈ ಹಾಕಿದೆ.
ಅವಳ ಹೆಸರಿಗೆ ಒಂದೇ ಕಾಗದ, ಕರೆಂಟು ಬಿಲ್ಲು.
ಆ ಮನೆಗೆ ಬಂದ ಮೊದಲ ಟಪಾಲು.
ಒಡೆಯದೆ ಮಡಚಿ, ಗೂಡಿನಾಳಕ್ಕೆ ತುರುಕಿ,
ಬದುಕಿದ್ದ ಮರಿಯನ್ನು ನನ್ನ ಅಂಗಿಯೊಳಗಿಟ್ಟಳು.

ಬಿಲ್ಲು ಇನ್ನೂ ಅಲ್ಲೇ ಇದ್ದೀತು.
ಮುಂದೆ ಯಾರಾದರೂ ಟೇಪು ಹಿಡಿದು ಬಂದರೆ
ಅದರ ಮೇಲೆ ತಾರೀಖಿದೆ,
ಹೆಚ್ಚುಕಮ್ಮಿಯಿಲ್ಲ.