ಅಡುಗೆಯವಳು ಏನೂ ನೋಡಿಲ್ಲ

ಹಾಸನದ ಕ್ಯೂರಿಂಗ್ ವರ್ಕ್ಸಿನಲ್ಲಿ, ಬೆಳಿಗ್ಗೆ
ಬೆಲ್ಟು ತಿರುಗುವ ಮೊದಲೇ ಕೇಸು ತಿರುಗುತ್ತದೆ:
ಬಂಗಲೆಯ ಮೆಟ್ಟಿಲಿಂದ ಮೃಣಾಲಿನಿಯನ್ನು
ತಳ್ಳಿದವರು ಯಾರು?

ನಿನ್ನೆ ರಾತ್ರಿ ನಾದಿನಿ ಹೇಳಿದಳು.
ಅವಳ ಕಥೆಯಲ್ಲಿ ಸೀರೆ ಹಸಿರು, ದೀಪ ಉರಿಯುತ್ತಿತ್ತು.
ಸೋಮವಾರ ಡ್ರೈವರ್ ಹೇಳಿದಾಗ
ಅದೇ ಸೀರೆ ನೀಲಿ, ದೀಪ ಇರಲೇ ಇಲ್ಲ.
ಡಾಕ್ಟರ ಕಥೆಯಲ್ಲಿ ಮೆಟ್ಟಿಲೇ ಎರಡು ಕಮ್ಮಿ,
ಎಣಿಸಿದ್ದೀನಿ ಅಂತಾಳೆ ಮುಬೀನಾ.
ಬೀಜದಲ್ಲಿ ಕಲ್ಲು ಬಿಡದ ಕಣ್ಣು,
ಟೀವಿಯಲ್ಲಿ ಬಿಟ್ಟೀತೇ.

ಫಿಲೋಮಿನಕ್ಕನ ಲೆಕ್ಕ ಬೇರೆ:
ಸುಳ್ಳು ಹೇಳೋ ಮುಂಚೆ ಒಬ್ಬೊಬ್ಬರೂ
ನೀರು ಕುಡೀತಾರೆ, ಗಮನಿಸ್ರೇ.
ನಾದಿನಿ ಎರಡು ಲೋಟ ಕುಡಿದಳಲ್ಲ?
"ಉಪ್ಪಿನಕಾಯಿ ತಿಂದಿರ್ತಾಳೆ ಬಿಡು."

ಹೊಸದಾಗಿ ಸೇರಿದ ಇಂದುಶ್ರೀ, ಸಣ್ಣವಳು,
ಬರೆಯೋನಿಗೇ ಮರೆತುಹೋಗಿದೆ ಕಣ್ರಕ್ಕಾ, ಅಂದಳು.
ಎಲ್ಲರೂ ಅವಳ ಮೇಲೆ ಬಿದ್ದರು.
ಮರೆತಿದ್ದಾನೆ ಅಂದರೆ, ಅನ್ನ ಆರಿಸಿಕೊಂಡು ಕೂತ
ನಮ್ಮ ಇಷ್ಟು ರಾತ್ರಿಗಳೆಲ್ಲ
ಹೊಟ್ಟೇನು?

ಬೆಲ್ಟು ಹರಿಯುತ್ತದೆ.
ಕರಿದು ಒಂದು ಕಡೆ, ಒಡಕು ಒಂದು ಕಡೆ,
ಹುಳು ಕೊರೆದದ್ದು ತಗಡಿನ ಡಬ್ಬಕ್ಕೆ.
ಕೈಗೆ ಅನುಮಾನ ಬರುವುದಿಲ್ಲ.

ಎಲೆಅಡಿಕೆ ಉಗಿದು ಬಂದು ಜವರಮ್ಮ ಕೂತಳು.
"ಅಡುಗೆಯೋಳು."
ಯಾರೂ ಮಾತಾಡಲಿಲ್ಲ.
"ಅರವತ್ತು ಕಂತಾಯ್ತು. ಪೊಲೀಸು ಕೇಳಿದಾಗಲೆಲ್ಲ
ಒಲೆ ಮುಂದಿದ್ದೆ ಸಾರ್, ಏನೂ ನೋಡಿಲ್ಲ ಅಂತಾಳೆ.
ಎಲ್ಲರ ಕಥೆಯಲ್ಲೂ
ಒಂದೇ ಸೀರೆ ಉಟ್ಟಿರೋಳು ಅವಳೊಬ್ಬಳೇ."

ನನ್ನ ಮುಂದೆ ಮೂರು ಕರಿಬೀಜ
ಹಾಗೇ ದಾಟಿಹೋದವು.

ಹೋದ ವರ್ಷ ಗೌರಿಹಬ್ಬ ಕಳೆದ ವಾರ
ಎರಡು ಚೀಲ ಪೀಬೆರಿ ಕಾಣೆಯಾದಾಗ
ಮ್ಯಾನೇಜರ ರೂಮಿಗೆ ಒಬ್ಬೊಬ್ಬರನ್ನೇ ಕರೆದರು.
ಲಾರಿಯ ಟಾರ್ಪಾಲು ಹಳದಿ ಅಂದಳು ಒಬ್ಬಳು,
ಲಾರಿಯೇ ಬರಲಿಲ್ಲ ಅಂದಳು ಇನ್ನೊಬ್ಬಳು.
ತಿಮ್ಮಕ್ಕ ಗೇಟಿನ ಕಡೆ ಹೋಗಿದ್ದು ಮಾತ್ರ
ಹೇಗೋ ಎಲ್ಲರಿಗೂ ಕಂಡಿತ್ತು.
ನನ್ನ ಸರದಿ ಬಂತು. ಹೊರಗೆ ಮೇಸ್ತ್ರಿ ನಿಂತಿದ್ದ,
ಬಾಗಿಲ ಸಂದಿಯಲ್ಲಿ ಅವನ ಚಪ್ಪಲಿ ಕಾಣುತ್ತಿತ್ತು.
ತಲೆ ತಗ್ಗಿಸಿ ಬೀಜ ಆರಿಸ್ತಿದ್ದೆ ಸಾರ್,
ಏನೂ ನೋಡಿಲ್ಲ.

ಮೇಜಿನ ಮೇಲೆ ನೀರಿತ್ತು. ನಾನು ಕುಡಿಯಲಿಲ್ಲ.
ಫಿಲೋಮಿನಕ್ಕನ ಲೆಕ್ಕ ತಪ್ಪು ಅಂತ
ಈ ಶೆಡ್ಡಿನಲ್ಲಿ ನನಗೊಬ್ಬಳಿಗೇ ಗೊತ್ತು.

ತಿಮ್ಮಕ್ಕ ಈಗ ತಣ್ಣೀರುಹಳ್ಳದಲ್ಲಿ ಇಡ್ಲಿ ಮಾಡುತ್ತಾಳಂತೆ.
ರಾತ್ರಿ ಪಾತ್ರೆ ತೊಳೆದಿಟ್ಟು
ಅವಳೂ ಇದನ್ನೇ ನೋಡುತ್ತಾಳಂತೆ.
ಅವಳು ಯಾರನ್ನು ಹಿಡಿದಿದ್ದಾಳೋ.

ಶುಕ್ರವಾರ ಕೊನೆಯ ಕಂತು.
ಆವತ್ತೊಂದು ರಾತ್ರಿ ಸೆಸ್ಕಿನವರು
ಹೇಳದೆ ಕೇಳದೆ ಕರೆಂಟು ತೆಗೆಯಲಿ, ಊರಿಗೆ ಊರೇ.

ಊಟದ ಗಂಟೆಯಲ್ಲಿ ಮುಬೀನಾ
ಬೀಡಿಕಟ್ಟಿನ ಕಾಗದದ ಮೇಲೆ ಪಂದ್ಯ ಬರೆದುಕೊಂಡಳು,
ತಲೆಗೆ ಹತ್ತು ರೂಪಾಯಿ.
ಡ್ರೈವರಿಗೆ ಐದು ಜನ, ಡಾಕ್ಟರಿಗೆ ಮೂರು,
ಅಡುಗೆಯವಳಿಗೆ ಜವರಮ್ಮ ಒಬ್ಬಳೇ.
"ನೀನ್ಯಾರ ಮೇಲೆ ಕಟ್ತೀಯ, ರಾಜಮ್ಮಣ್ಣಿ?"

ಸೆರಗಿನ ಗಂಟು ಬಿಚ್ಚಿ ನೋಟು ತೆಗೆದೆ.
ನಾದಿನಿ, ಅಂದೆ.