ಮರೀಲಾಕ ಇಪ್ಪತ್ತು ನಿಮಿಷ

ಕಪನೂರಿನಾಗ ತೊಗರಿಬ್ಯಾಳಿ ಮಿಲ್ಲಿನ ಬೆನ್ನಿಗೆ
ಮಸ್ತಾನಸಾಬನ ಗ್ಯಾರೇಜು.
ಶಹಾಬಾದಿ ಪರಸಿ ಮ್ಯಾಲ ಹನ್ನೆರಡು ವರ್ಷದ ಎಣ್ಣಿ ಕಲೆ,
ಆ ಕಲೆ ಮ್ಯಾಲ ನನ್ನ ಡೀಸೆಲ್ ಗಾಡಿ, ಬಾನೆಟ್ ಎತ್ತಿಕೊಂಡು.

ತಕರಾರು ಇಷ್ಟೇ: ಕಾಲು ಒತ್ತಿದರ ತಡ.
ಒತ್ತಿ, ಒಂದು, ಎರಡು, ಮೂರು ಅಂತ ಎಣಿಸಬೇಕು,
ಆಮ್ಯಾಲ ಯಾರೋ ಹಿಂದಿನಿಂದ ದಬ್ಬಿದಂಗ ಓಡತದ.
ಆಳಂದ ರೋಡಿನಾಗ ಪರಸಿ ಹೇರಿದ ಲಾರಿ ದಾಟಲಾಕ ಹೋಗಿ
ಅರ್ಧಕ್ಕ ಸಿಕ್ಕೆ, ಎದುರಿಗೆ ಸರಕಾರಿ ಬಸ್ಸು.
ಆ ಮೂರು ಎಣಿಕಿಯೊಳಗ
ದೇವರ ಹೆಸರು ಸೈತ ಪೂರಾ ಬಾಯಿಗೆ ಬರಲಿಲ್ಲ.

ಮಸ್ತಾನಸಾಬ ಬಗ್ಗಿ, ಮೊಳಕೈ ತನಕ ಕೈ ಹಾಕಿ
ಒಂದು ರಬ್ಬರ್ ಪೈಪು ಎಳದು ತೋರಿಸ್ದ.
ಉಗುರಿನಷ್ಟು ಸೀಳು.
"ಗಾಳಿ ಇಲ್ಲಿಂದ ಹೊರಗ ಹೋಗಲಾಕತ್ತದ,
ಎಷ್ಟು ದಿನದಿಂದೋ ಯಾರಿಗ್ಗೊತ್ತು."
ಹೊಸ ಪೈಪು ಕೂಡಿಸ್ದ, ಕ್ಲಿಪ್ಪು ಬಿಗದ.
ನಾ ರೊಕ್ಕ ತೆಗಿಯೋದರಾಗ
ಹತ್ತು ನಂಬರ್ ಪಾನಾ ತಗೊಂಡು ಬ್ಯಾಟರಿಯ ಕರೀ ವಾಯರು ಬಿಚ್ಚಿದ.

"ಇದ್ಯಾಕೋ?"
"ಕಂಪ್ಯೂಟರಿಗೆ ಮರವು ಬರಬೇಕಲ್ರೀ.
ಸೋರೋ ಪೈಪಿನ ಕೂಡ ಇಷ್ಟು ದಿನ ಸಂಸಾರ ಮಾಡ್ಯದ,
ಗಾಳಿ ಕಮ್ಮಿ, ಡೀಸೆಲ್ ಇಷ್ಟೇ ಸಾಕು ಅಂತ ಲೆಕ್ಕ ಕಲತದ.
ಪೈಪು ಹೊಸಾದು ಆತು, ಅದಕ್ಕ ಯಾರು ಹೇಳಬೇಕು?
ಹಳೇ ಲೆಕ್ಕಾನೇ ಮಾಡಕೋತ ಕೂಡತದ.
ಇಪ್ಪತ್ತು ನಿಮಿಷ. ಚಾ ಕುಡೀರಿ."

ಚಾ ಬಂತು. ಮಿಲ್ಲಿನ ಹೊಟ್ಟು ಹಾರಿ ಬಂದು ಕೆನಿ ಮ್ಯಾಲ ಕೂತಿತು.
ಮನಿಗೆ ಫೋನ್ ಹಚ್ಚಿದೆ.
"ಗಾಡಿ ರಿಪೇರಿ ಆಗ್ಯಾದ, ಊಟಕ್ಕ ತಡ ಆಗ್ತದ!"
ವೆಲ್ಡಿಂಗ್ ಹುಡುಗ ಕನ್ನಡಕ ಎತ್ತಿ ನೋಡಿದ.
ಗೇಟಿನ ನಾಯಿ ಎದ್ದು ಕೂತಿತು.
ಆ ಕಡಿಂದ ಮಹಾನಂದಾ, ಮೆಲ್ಲಕ:
"ಒದರಬ್ಯಾಡ್ರಿ. ಕೇಳಸ್ತದ."

ಹೌದು, ಕೇಳಸ್ತದ.
ಕಿವಿ ಹಿಂದ ಅವರೆಕಾಳಿನಷ್ಟು ಮಷೀನು ಕೂತು ಎರಡು ತಿಂಗಳಾತು.
ಅದಕ್ಕಿಂತ ಮದಲ ಒಂಬತ್ತು ವರ್ಷ
ನಾ ಉಪ್ಪು ಕೇಳಿದರ ಓಣಿಗೆಲ್ಲ ಗೊತ್ತಾಗತಿತ್ತು.
ಒದರಿ ಹೇಳಲಾರದಂಥ ಮಾತು ಕೆಲವು ಇರತಾವ,
ಅವನ್ನ ಬಿಟ್ಟೇಬಿಟ್ಟೆ.

ವಾಯರು ಕೂಡಿಸಿ ಕೀಲಿ ತಿರುವಿದರ
ಗಾಡಿ ಒಂದೀಟು ನಡುಗಿತು,
ಗಡಿಯಾರ ಹನ್ನೆರಡಕ್ಕ ಹೋತು, ರೇಡಿಯೋ ತನ್ನ ಸ್ಟೇಷನ್ನು ಮರೀತು.
"ಐವತ್ತು ಕಿಲೋಮೀಟರು ಸಮಾಧಾನಲೇ ಹೊಡೀರಿ, ಕಲೀತದ."
"ತಡ ಪೂರಾ ಹೋಗ್ತದೇನು?"
ಮಸ್ತಾನಸಾಬ ನಕ್ಕ.
"ಒಂದೀಟು ಉಳೀತದ. ಅದು ರೋಗ ಅಲ್ಲ, ಅದರ ಗುಣ.
ಹೊಗಿ ಹೋಗಿ ಗಾಲಿ ತಿರುವಬೇಕು, ಗಾಲಿ ತಿರುಗಿ ಗಾಳಿ ಜಗ್ಗಬೇಕು.
ಗೇರು ಒಂದು ಇಳಸ್ರಿ, ಸುಮ್ಮ ಕಾಯ್ರಿ."

ರಾತ್ರಿ ತಾಟಿನ ಮುಂದ ಕೂತು ಗೇರು ಇಳಿಸಿದೆ.
ನನ್ನ ದನಿ ನನಗೇ ಗುರುತು ಸಿಗಲಿಲ್ಲ.
"ನಿನ್ನ ತಂಗಿ ಲಗ್ನಕ್ಕ ಒಬ್ಬಾಕಿನೇ ಹೋಗಿದ್ದೆಲ್ಲ,
ಆವಾಗ ನನ್ನ ಮ್ಯಾಲ ಸಿಟ್ಟು ಬಂದಿತ್ತೇನು?"

ರೊಟ್ಟಿ ಮುರಿಯೋ ಕೈ ಹಂಗೇ ನಿಂತಿತು.
ಕೇಳಿಸಿಲ್ಲೇನೋ ಅಂತ ಬಾಯಿ ತೆಗದೆ,
ಮುಚ್ಚಿದೆ.
ಕಿವಿ ಹೋಗೂಕಿಂತ ಮದಲೂ ಈಕಿ ಹಿಂಗೇ ಇದ್ದಳು,
ಮಾತಿಗೆ ಮದಲ ಒಂದು ತುತ್ತಿನಷ್ಟು ತಡ.

ಒಂದು.
ಎರಡು.